ಕೊನೆಯ ಪ್ರಶ್ನೆಗೆ ಹಸಿರು ಬಾವುಟ

"ಹೊರೆಯನ್ನು ತಲೆಯೆತ್ತರಕ್ಕೆ ಎತ್ತಿಕೊಂಡೇ ಫೋರ್ಕ್‌ಲಿಫ್ಟ್ ಓಡಿಸಬೇಕು," ಎಂದು ಮ್ಯಾನೇಜರ್ ಓದಿದರು. "ಸರಿಯೋ, ತಪ್ಪೋ?"

ಸರಿಯಾದರೆ ಹಸಿರು ಬಾವುಟ, ತಪ್ಪಾದರೆ ಕೆಂಪು. ಕಲಿಯಲು ಬಂದಿದ್ದ ಅಷ್ಟೂ ಹಮಾಲರು ಹಸಿರು ಎತ್ತಿದರು.

ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರ ಬಾಯಿಂದ ಸೀಟಿ ಜಾರಿತು.

"ಗಾಡಿ ಮಗುಚುವಾಗ ಹೊರಗೆ ಹಾರಬೇಕು." ಹಸಿರು. "ಹೊರೆ ಅಡ್ಡ ಬಂದು ಮುಂದಿನ ದಾರಿ ಕಾಣದಿದ್ದರೆ ಹಿಮ್ಮುಖವಾಗಿ ಓಡಿಸಬೇಕು." ಕೆಂಪು. "ಸೀಟ್ ಬೆಲ್ಟ್ ಕಡ್ಡಾಯ." ಕೆಂಪು. ಲಂಬು ಎಂದೇ ಹೆಸರಾದ ಹಿಂದಿನ ಸಾಲಿನ ಉದ್ದನೆಯ ಆಸಾಮಿ, ತನ್ನ ಕೆಂಪು ಯಾರಿಗೂ ಕಾಣದೇ ಹೋದೀತೆಂದು ತುದಿಗಾಲಿನಲ್ಲಿ ನಿಂತಿದ್ದ.

ಮೇಷ್ಟ್ರು ಗೋಡೆ ಹಿಡಿದುಕೊಂಡರು.

ಈ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಹತ್ತಿದವರೆಲ್ಲ ಅವರ ಕೈಕೆಳಗೇ ಕಲಿತವರು. ತಿರುವು ಬಂದಲ್ಲೆಲ್ಲ ಹಾರನ್ ಹೊಡೆಯಬೇಕೆಂಬುದು ಮೇಷ್ಟ್ರ ರಕ್ತಕ್ಕೇ ಇಳಿದು, ಈಗ ಕಾಲ್ನಡಿಗೆಯಲ್ಲಿ ಕಕ್ಕಸಿಗೆ ಹೋಗುವಾಗಲೂ ಮೂಲೆಯಲ್ಲಿ "ಪೀಂ ಪೀಂ" ಎನ್ನುತ್ತಿದ್ದರು. ಬೈಯುವುದರಲ್ಲಿ ಎತ್ತಿದ ಕೈ. ಆದರೆ ಅವರ ಕೈಯಲ್ಲಿ ಕಲಿತ ಒಬ್ಬರ ಕಾಲ್ಬೆರಳೂ ಜಜ್ಜಿಲ್ಲ.

ಪಾಠ ಶುರುವಾದ ದಿನವೇ ಮ್ಯಾನೇಜರ್ ಹೇಳಿದ್ದರು: "ಇದು ಮೇಷ್ಟ್ರ ಕೊನೇ ಬ್ಯಾಚು. ನೀವು ಪಾಸಾದ ದಿನವೇ ಅವರಿಗೆ ಬೀಳ್ಕೊಡುಗೆ. ಮೊದಲನೆಯವರಾಗಿ ಬಂದವರಿಗೆ ಅವರ ಸೀಟಿ, ಅವರ ಕೆಲಸ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದನ್ನು ಎಲ್ಲರೂ ನೋಡಿದರು.

ಮರುದಿನದಿಂದ ಅವರು ಗೇಟು ತೆರೆಯುವ ಮೊದಲೇ ಬಂದು ಕಾಯತೊಡಗಿದರು. ಊಟದ ಹೊತ್ತಿನಲ್ಲೂ ಪಾಠ. ಇಷ್ಟು ಮುತುವರ್ಜಿಯಿಂದ ಅವರು ಯಾವ ಬ್ಯಾಚಿಗೂ ಕಲಿಸಿರಲಿಲ್ಲ.

"ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹೊಸೀತಿದಾರಲ್ಲೋ, ಪಾಪ," ಎಂದಳು ಹಿರಿಯಕ್ಕ. ಮೂಟೆ ಹೊರುವವರಲ್ಲೆಲ್ಲ ಹಿರಿಯಳು. ಅವಳ ಮಾತೇ ಅಲ್ಲಿ ಕಾನೂನು.

"ಅಕ್ಕಾ, ಅವರ ಬೀರುವಿನ ಸಂದೀಲಿ ಬಟ್ಟೆ ಸುತ್ತಿದ ಉದ್ದನೆ ಕೋಲು ಬೇರೆ ಇದೆ. ದಿನಾ ಸವರ್ತಾರೆ," ಎಂದ ಲಂಬು. "ಮುದಿತನಕ್ಕೆ ಊರಿಕೊಳ್ಳೋಕೆ ಇರಬೇಕು. ನಿನ್ನೆ ನನ್ನನ್ನ ಕರೆದು, 'ನಿಮ್ಮನೆ ಹಿತ್ತಲಲ್ಲಿ ಎರೆಹುಳ ಸಿಗುತ್ತೇನಪ್ಪಾ?' ಅಂತ ಕೇಳಿದ್ರು. ತಲೆಗೇ ಹೊಡೆದಿದೆ ಅಂತ ಕಾಣುತ್ತೆ."

"ಜೀವಮಾನದ ಕೆಲಸ ಕಿತ್ಕೊಂಡ್ರೆ ನಿನ್ನ ತಲೆ ನೆಟ್ಟಗಿರ್ತಿತ್ತೇನೋ? ಇರೋದೇ ಅರ್ಧ."

ಅಂದೇ ತೀರ್ಮಾನವಾಯಿತು. ಫೇಲಾದರೆ ಮತ್ತೆ ಮೂರು ತಿಂಗಳು ಬೆನ್ನ ಮೇಲೆ ಮೂಟೆ. ಹಾಗಾದರೆ ಹಾಗೇ ಆಗಲಿ. ಮತ್ತೆ ಮೂರು ತಿಂಗಳು ಇದೇ ಮೇಷ್ಟ್ರು.

ಮ್ಯಾನೇಜರ್ ಕೊನೆಯ ಪ್ರಶ್ನೆಗೆ ಬಂದಿದ್ದರು. ಅದು ಮೇಷ್ಟ್ರ ಮಂತ್ರ. ದಿನಕ್ಕೆ ಹತ್ತು ಸಲ ಅದನ್ನೇ ಕೂಗುತ್ತಿದ್ದರು: "ಕೀಲಿ ತಿರುಗಿಸೋಕೆ ಮುಂಚೆ ಎದುರಿಗಿರೋರನ್ನ ಒಂದು ಮಾತು ಕೇಳ್ರೋ! ಅವರು ಯಾವ ಕಡೆ ಹೊರಟಿದಾರೋ ನಿಮಗೇನು ಗೊತ್ತು?"

"ಎದುರಿಗಿರುವವರು ಯಾವ ಕಡೆ ಹೊರಟಿದ್ದಾರೆಂದು ಕೇಳದೆಯೇ ಗಾಡಿ ಬಿಡಬಹುದು."

ಹಸಿರು. ಹಸಿರು. ಎಲ್ಲೆಲ್ಲೂ ಹಸಿರು.

"ಒಬ್ಬರೂ ಪಾಸಾಗಿಲ್ಲ," ಎಂದು ಮ್ಯಾನೇಜರ್ ಎದ್ದರು. "ಇಲ್ಲೇ ಫೇಲಾದವರಿಗೆ ಗಾಡಿ ಪರೀಕ್ಷೆಯೂ ಇಲ್ಲ. ಮೇಷ್ಟ್ರೇ, ಇನ್ನು ಮೂರು ತಿಂಗಳು."

ಅವರು ಹೋದ ಮೇಲೆ ಮೇಷ್ಟ್ರು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಮುಖ ಬೂದಿಯಾಗಿತ್ತು. ನಿಧಾನವಾಗಿ ತಲೆ ಎತ್ತಿದರು.

"ಕಣ್ಣು ಮುಚ್ಕೊಂಡು ಬಾವುಟ ಎತ್ತಿದ್ರೂ ಅರ್ಧ ಸರಿಯಾಗ್ಬೇಕಲ್ರೋ. ಒಂದೂ ಸರಿಯಾಗದೇ ಇರಬೇಕಾದ್ರೆ ಎಲ್ಲಾ ಗೊತ್ತಿರಬೇಕು."

ಹಿರಿಯಕ್ಕ ಮುಂದೆ ಬಂದಳು. ಅಭ್ಯಾಸಬಲ, ಗಾಡಿ ಓಡುವ ದಾರಿಯ ಹಳದಿ ಗೆರೆ ದಾಟುವಾಗ ಎಡಕ್ಕೂ ಬಲಕ್ಕೂ ನೋಡಿಯೇ ದಾಟಿದಳು.

"ನಮಗೆ ಗಾಡಿ ಬರುತ್ತೆ ಮೇಷ್ಟ್ರೇ. ಆದ್ರೆ ನಿಮ್ಮನ್ನ ಮನೆಗೆ ಕಳಿಸಿ ಆ ಸೀಟಿ ಊದೋ ಪಾಪ ಯಾರಿಗೆ ಬೇಕು? ಮೂಟೆ ಹೊತ್ತೇವು. ನೀವು ಇಲ್ಲೇ ಇರಿ."

ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು. ಕಣ್ಣು ತುಂಬಿತ್ತು. ಏನೋ ಹೇಳಲು ಬಾಯಿ ತೆರೆದವರು, ಮೂಟೆಯಿಂದ ಗಂಟುಗಂಟಾದ ಆ ಹೆಗಲುಗಳನ್ನು ನೋಡಿ ಮುಚ್ಚಿದರು. ಲಂಬು ಖುಷಿ ತಾಳಲಾರದೆ, ಅವರನ್ನು ಫೋರ್ಕಿನ ಮೇಲೆ ಕೂರಿಸಿ ಮೆರವಣಿಗೆ ಮಾಡೋಣವೆಂದ.

"ಫೋರ್ಕಿನ ಮೇಲೆ ಮನುಷ್ಯರನ್ನ ಎತ್ತಬಾರದು!" ಎಂದು ಎಲ್ಲರೂ ಒಟ್ಟಿಗೇ ಕೂಗಿ, ಒಟ್ಟಿಗೇ ನಕ್ಕರು.

"ನೋಡ್ರೋ," ಎಂದರು ಮೇಷ್ಟ್ರು. "ಉಳಿದಿದ್ದೆಲ್ಲ ನೀವು ಬೇಕೂಂತ ತಪ್ಪು ಹೇಳಿದ್ದು. ಕೊನೇ ಪ್ರಶ್ನೆ ಮಾತ್ರ ನಿಜವಾಗ್ಲೂ ನಿಮಗೆ ಬರಲ್ಲ."

ಮೇಷ್ಟ್ರ ಬೈಗುಳ ಕೇಳಿದ ಸಮಾಧಾನದಲ್ಲಿ ಎಲ್ಲರೂ ನಗುತ್ತ ಮೂಟೆಗಳ ಕಡೆ ಹೊರಟರು.

ಮೇಷ್ಟ್ರು ತಮ್ಮ ಕೋಣೆಗೆ ಹೋದರು. ಮೂಲೆಯಲ್ಲಿ ಪೀಂ ಪೀಂ ಎನ್ನುವುದನ್ನೂ ಮರೆತರು. ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದೊಡನೆ ಹೆಂಡತಿಯ ದನಿ:

"ಏನ್ರೀ, ಬಿಟ್ರಾ? ಕೆರೆ ದಂಡೆ ಮನೆಗೆ ಸಾಮಾನೆಲ್ಲ ಕಟ್ಟಿ ಕೂತಿದೀನಿ. ಸಾಕಾಯ್ತು, ಕಳಿಸಿಕೊಡಿ ಅಂತ ಎರಡು ವರ್ಷದಿಂದ ಆ ಮ್ಯಾನೇಜರ್ ಕಾಲು ಹಿಡೀತಿದೀರಿ, ಇವತ್ತಾದ್ರೂ ಬಿಡುಗಡೆ ಆಯ್ತೋ ಇಲ್ವೋ?"

ಮೇಷ್ಟ್ರು ಬೀರುವಿನ ಸಂದಿಯಲ್ಲಿದ್ದ ಮೀನು ಹಿಡಿಯುವ ಹೊಸ ಗಾಳದ ಕೋಲನ್ನು ಇನ್ನೊಂದು ಸುತ್ತು ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು: "ಇಲ್ಲ ಕಣೇ. ಈ ಮಕ್ಕಳಿಗೆ ನಾನಂದ್ರೆ ವಿಪರೀತ ಪ್ರೀತಿಯಂತೆ."