ಅಮ್ಮನಿಗೆಂದು ಒಣಗಿಸಿದ ಸೇಬು

ಮೊನ್ನೆ ಮಗಳು ಒಣಸೇಬಿನ ಪ್ಯಾಕೆಟ್ ಬಿಚ್ಚಿದಳು. ಆ ಹುಳಿಸಿಹಿ ವಾಸನೆಗೆ ಪರದೇಶದ ಟೋವಾ ಪಾಯೋ ಬಡಾವಣೆಯಲ್ಲಿದ್ದ ನಮ್ಮ ಹಳೇ ಫ್ಲ್ಯಾಟಿನ ಕಾರಿಡಾರ್ ಕಣ್ಣೆದುರು ಬಂತು.

ಆಗ ನನಗೆ ಏಳು ವರ್ಷ. ಅಮ್ಮ ಆಸ್ಪತ್ರೆಯಲ್ಲಿದ್ದಳು. ನೋಡಲು ಬಂದವರೆಲ್ಲ ಸೇಬು ತರುತ್ತಿದ್ದರು, ಅವಳಿಗೋ ಒಂದು ಹೋಳೂ ಸೇರುತ್ತಿರಲಿಲ್ಲ. ಮೈಸೂರಿನಿಂದ ಬಂದಿದ್ದ ಅಜ್ಜಿ ಅವನ್ನೆಲ್ಲ ಮನೆಗೆ ತಂದು, ತೆಳ್ಳಗೆ ಹೆಚ್ಚಿ, ಉಪ್ಪುನೀರಿನಲ್ಲಿ ಅದ್ದಿ, ಸಂಡಿಗೆಯ ಹಾಗೆ ಕಾರಿಡಾರಿನಲ್ಲಿ ಹಳೇ ಪಂಚೆಯ ಮೇಲೆ ಹರವಿದಳು. ಬಿಸಿಲು ಸರಿದ ಹಾಗೆ ಪಂಚೆಯನ್ನೂ ಎಳೆಯುತ್ತಿದ್ದಳು.

"ಫ್ರಿಜ್ಜಲ್ಲಿ ಇಡಬಹುದು ಲಾ, ಅಜ್ಜಿ," ಎಂದೆ, ಅಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ.

"ಅದರಲ್ಲಿ ಎಷ್ಟು ದಿನ ಇರುತ್ತೆ? ನಿಮ್ಮಮ್ಮ ಬರೋದು ಇನ್ನೂ ತಡ. ಬಂದ್ಮೇಲೆ ಬಾಯಿಗೆ ರುಚಿ ಬೇಕಲ್ಲ. ಅಲ್ಲೀವರೆಗೂ ಒಂದೂ ಮುಟ್ಟಬೇಡ."

ಮೂರನೇ ಮಧ್ಯಾಹ್ನಕ್ಕೆ ಹೋಳುಗಳು ಮುದುಡಿ, ಚರ್ಮದ ಹಾಗೆ ಬಾಗುತ್ತಿದ್ದವು. ಅಜ್ಜಿ ಒಳಗಿದ್ದಾಗ ಒಂದನ್ನು ಕದ್ದು ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲೇ ಆಸ್ಪತ್ರೆಯಿಂದ ಅಪ್ಪನ ಫೋನ್ ಬಂತು. ಅಜ್ಜಿ ಎತ್ತಿ ಕೇಳಿಸಿಕೊಂಡಳು. ಹೊರಗೆ ಬಂದವಳು ನನ್ನ ಉಬ್ಬಿದ ಕೆನ್ನೆ ನೋಡಿದಳು. ಬೈಯುತ್ತಾಳೆಂದು ಅಗಿಯುವುದನ್ನೇ ನಿಲ್ಲಿಸಿದೆ.

ಅವಳು ನೆಲಕ್ಕೆ ಕುಸಿದು ಕೂತು, ಪಂಚೆಯನ್ನು ನನ್ನ ಕಡೆಗೆ ಎಳೆದಳು.

"ತಿನ್ನು ಕಂದ. ಎಲ್ಲಾ ನೀನೇ ತಿನ್ನು."

ನಾನು ಖುಷಿಯಿಂದ ಎರಡೂ ಕೈಯಲ್ಲಿ ಬಾಚಿಕೊಂಡೆ.