ಉಣ್ಣೆಯ ಕಾಲುಚೀಲ

ಸೀಮೆಎಣ್ಣೆ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಕಾಲುಚೀಲ ನೆನಪಾಗುತ್ತದೆ.

ಆಗ ನಾವು ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಯಲ್ಲಿದ್ದೆವು. ಸೈನಿಕನಾಗಿದ್ದ ಅಪ್ಪ ಹಿಮದ ಗಡಿಯಿಂದ ರಜೆಗೆ ಬಂದಿದ್ದರು. ಅಲ್ಲಿನ ಒಲೆಯ ಸೀಮೆಎಣ್ಣೆ ವಾಸನೆ ಅವರ ಉಣ್ಣೆಯ ಕಾಲುಚೀಲಕ್ಕೆ ಅಂಟಿಕೊಂಡಿತ್ತು. ಮಧ್ಯಾಹ್ನ ಓನರ್ ಆಂಟಿ ಬಂದು, "ಮುಂದಿನ ತಿಂಗ್ಳಿಂದ ಬಾಡಿಗೆ ಜಾಸ್ತಿ ಕಣಮ್ಮ," ಎಂದು ಹೇಳಿ ಹೋದರು.

ಅಪ್ಪ, "ನಾನಾಗೇ ಕೇಳಿ ಮತ್ತೊಮ್ಮೆ ಮ್ಯಾಲ ಹಿಮದ ಗಡಿಗೆ ಹೋಗ್ತೀನಿ. ಅಲ್ಲಿದ್ರ ಭತ್ಯೆ ಜಾಸ್ತಿ ಬರ್ತದ," ಎಂದರು.

"ನಿಮ್ಮ ಜೋಡಿ ಹೋದವ್ರು ಎಲ್ಲಾರೂ ತಿರುಗಿ ಬಂದಾರೇನ್ರಿ?" ಅವ್ವ ಕೇಳಿದಳು.

"ಕಾಲುಚೀಲ ಬಿಸಲಿಗೆ ಹಾಕು," ಎಂದರು ಅಪ್ಪ.

ಕಾಲುಚೀಲ ಇಲ್ಲದೆ ಅಪ್ಪ ಹೋಗಲಾರರು ಎಂದುಕೊಂಡು ನಾನು ಅವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.

ಸಂಜೆ ರೊಟ್ಟಿಗೆಲ್ಲ ಸೀಮೆಎಣ್ಣೆ ವಾಸನೆ. ಯಾರೂ ನನ್ನನ್ನು ಬೈಯಲಿಲ್ಲ. ಅಪ್ಪ ಒಂದು ಚೂರೂ ಬಿಡದೆ ತಿಂದರು. ಆಮೇಲೆ ಕಾಲುಚೀಲದ ಹಿಟ್ಟು ಕೊಡವಿ ಟ್ರಂಕಿನಲ್ಲಿ ಇಟ್ಟುಕೊಂಡರು.