ಬಲೆ ಮುಚ್ಚಿದ ತೊಟ್ಟಿ

"ತೊಟ್ಟಿ ನೀನೇ ಬೋರಲು ಹಾಕ್ತೀಯೋ, ನಾನು ಒದೀಲೋ?" ಗೇಟು ತಳ್ಳಿಕೊಂಡು ನುಗ್ಗಿದ ಪಕ್ಕದ ಮನೆಯ ಗಂಗಾಂಬಿಕೆಯವರ ದನಿ ನಡುಗುತ್ತಿತ್ತು. ಮೊಮ್ಮಗಳು ಸಿಂಚನಾ ಡೆಂಗಿಯಿಂದ ಆಸ್ಪತ್ರೆ ಸೇರಿದ್ದಳು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು.

ಫಿರ್ದೋಸ್ ಅಡ್ಡ ನಿಂತಳು. "ಆಂಟಿ, ಇದು ಸೊಳ್ಳೆಮರಿ ತಿನ್ನೋ ಗಿಡ. ಸೊಳ್ಳೆ ಸಾಕೋದಲ್ಲ."

ನಿಟ್ಟೂರಿನ ಕೆರೆಯಿಂದ ತಂದು, ಶೆಟ್ಟಿಹಳ್ಳಿಯ ಈ ಅಂಗಳದಲ್ಲಿ ಜೋಪಾನ ಮಾಡಿದ ಗಿಡ. ಬೇರಿಲ್ಲ, ನೀರಿನಲ್ಲಿ ತೇಲುವ ಎಳೆಗಳು. ಎಳೆಗಳ ತುಂಬ ಸಾಸಿವೆಯಷ್ಟು ಚೀಲಗಳು. ಹುಳ ಸೋಕಿದರೆ ಚೀಲ ಬಾಯ್ತೆರೆದು ಗುಳುಂ ಮಾಡುತ್ತದೆ. ಬೀದಿಯವರ ಕಣ್ಣಿಗೆ ಮಾತ್ರ ಅದು ನಿಂತ ನೀರು. ಅವರ ಬಾಯಿ ಮುಚ್ಚಿಸಲೆಂದೇ ಫಿರ್ದೋಸ್ ತೊಟ್ಟಿಯ ಮೇಲೆ ಬಲೆ ಬಿಗಿದಿದ್ದಳು.

ಅತ್ತೆ ಹಮೀದಾ ಚಹಾ ತಂದರು. ಜಗಳಕ್ಕೆ ಬಂದವರನ್ನೂ ಬರಿಹೊಟ್ಟೆಯಲ್ಲಿ ಕಳಿಸುವವರಲ್ಲ. ಸಂಜೆಯ ನಮಾಜಿಗೆ ಮುನ್ನ ಬಲೆಯ ಮೂಲೆ ಎತ್ತಿ ಗಿಡಕ್ಕೂ ಒಂದು ಮಗ್ ನೀರು ಹಾಕಿಯೇ ಕೂರುವವರು. ಗಂಗಾಂಬಿಕೆ ಮುಖ ತಿರುಗಿಸಿದರು.

ಅಷ್ಟರಲ್ಲಿ ಮನೆಮನೆಯಲ್ಲಿ ಸೊಳ್ಳೆಮರಿ ಹುಡುಕುವ ಲಾರ್ವಾ ಸರ್ವೆಯ ರಂಗರಾಜು ಬಂದ. ಬಲೆ ಬಿಚ್ಚಿ ಟಾರ್ಚ್ ಬಿಟ್ಟ. ಸೌಟಿನಲ್ಲಿ ನೀರು ಮೊಗೆದ, ಮತ್ತೆ ಮೊಗೆದ.

"ಒಂದು ಮರೀನೂ ಇಲ್ಲ ಕಣಮ್ಮ."

ಗಂಗಾಂಬಿಕೆ ಮೆಟ್ಟಿಲ ಮೇಲೆ ಕುಸಿದರು. "ಹಂಗಾದ್ರೆ ನಮ್ ಮಗೂಗೆ ಎಲ್ಲಿಂದ ಬಂತಪ್ಪಾ?"

ಫಿರ್ದೋಸ್ ಅವರ ಕೈ ಹಿಡಿದುಕೊಂಡಳು. ಎದೆ ಹಗುರವಾಗಿತ್ತು, ಆ ಹಗುರಕ್ಕೆ ನಾಚಿಕೆಯೂ ಆಯಿತು.

ರಂಗರಾಜು ಮಾತ್ರ ತೊಟ್ಟಿ ಬಿಟ್ಟು ಕದಲಲಿಲ್ಲ. "ಬಲೆ ಇಷ್ಟು ಬಿಗಿಯಾಗೈತೆ, ಸೊಳ್ಳೆ ಒಳಕ್ಕೆ ಹೋಗಂಗೇ ಇಲ್ಲ. ಆದ್ರೂ ಗಿಡ ಹಿಂಗೆ ಹೂ ಬಿಟ್ಟೈತೆ. ಏನ್ ತಿಂತದಮ್ಮ ಇದು?"

ಫಿರ್ದೋಸ್ ಬಗ್ಗಿ ತೊಟ್ಟಿಯೊಳಗೆ ಇಣುಕಿದಳು.

ಹಮೀದಾರ ಮುಖ ಅರಳಿತು. ಕೊನೆಗೂ ಒಬ್ಬರು ಕೇಳಿದರಲ್ಲ!

"ಬಲೆ ಕಟ್ಟಿದ್ಮೇಲೆ ಪಾಪ, ಸೊರಗೋಗಿತ್ತು. ನೀರಿನ ಹುಳಾನೇ ಇದರ ಊಟ ಅಂತ ಫಿರ್ದೋಸೇ ಹೇಳಿದ್ಲು. ನಮ್ಮನೇಲಿ ಒಂದು ಜೀವ ಉಪವಾಸ ಇರೋದು ಅಂದ್ರೇನು? ಅದಕ್ಕೇ ಹಿತ್ತಲಲ್ಲಿ, ಸಿಂಚನಾ ಕಿಟಕಿ ಕೆಳಗೆ ನೆರಳಿದೆಯಲ್ಲ, ಅಲ್ಲಿ ಬಿರಿಯಾನಿ ದೇಗ್ಚಿ ತುಂಬ ನೀರಿಟ್ಟು, ದಿನಾ ಒಂದು ಮಗ್ ಹಾಕೋಕೆ ಹುಳ ಸಾಕಿದೀನಿ."